ಏಳು ವರ್ಷ ಚಿಕ್ಕ ವಿಮಾನ ಓಡಿಸಿದ ಮೇಲೆ: ಮುಹೂರ್ತಕ್ಕೆ ಹೋಗುವುದಾದರೆ ಟಿಕೆಟ್ ತೆಗೆಸಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಸ್ಯಾನ್ ಡಿಯಾಗೋಗೆ ನಾನು ಎರಡು ಥರ ಹೋಗುತ್ತೇನೆ. ಒಂದು, ಎಲ್ಲರ ಹಾಗೆ ಏರ್‌ಲೈನ್ ಟಿಕೆಟ್ ತೆಗೆದು. ಇನ್ನೊಂದು, ಫ್ಲೈಯಿಂಗ್ ಕ್ಲಬ್ಬಿನ ಸೆಸ್ನಾ 172 ಅನ್ನುವ ಚಿಕ್ಕ ವಿಮಾನ ಬಾಡಿಗೆಗೆ ಹಿಡಿದು, ನಾನೇ ಓಡಿಸಿಕೊಂಡು. ಅಲ್ಲಿ ಅಕ್ಕನ ಮನೆ ಇದೆ. 2018ರಲ್ಲಿ ಲೈಸೆನ್ಸ್ ಕೈಗೆ ಬಂದಾಗಿನಿಂದ ಎರಡೂ ಸೇರಿ ಮೂವತ್ತಕ್ಕಿಂತ ಜಾಸ್ತಿ ಸಲ ಹೋಗಿ ಬಂದಿದ್ದೇನೆ. ಯಾವುದು ವಾಸಿ ಅಂತ ಆಫೀಸಿನಲ್ಲಿ, ಹಬ್ಬದ ಊಟಗಳಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಹೋದ ಮೇ ತಿಂಗಳವರೆಗೆ ನನ್ನ ಉತ್ತರ ಒಂದೇ ಇತ್ತು.

ಲೆಕ್ಕ ಮೊದಲು ಮುಗಿಸಿಬಿಡೋಣ. ನಮ್ಮ ಕ್ಲಬ್ಬಿನಲ್ಲಿ ಪೆಟ್ರೋಲೂ ಸೇರಿ ಗಂಟೆಗೆ 190 ಡಾಲರ್. ಹೋಗಲು ಮೂರೂಕಾಲು ಗಂಟೆ, ಬರಲು ಅಷ್ಟೇ. ಸಾವಿರದ ಇನ್ನೂರರ ಮೇಲೆ ಹೋಯಿತು. ಏರ್‌ಲೈನಿನಲ್ಲಿ ಮುಂಚೆಯೇ ತೆಗೆದರೆ ಹೋಗಿ ಬರಲು ಇನ್ನೂರರೊಳಗೆ ಮುಗಿಯುತ್ತದೆ, ಪ್ರಯಾಣವೂ ಒಂದೂವರೆ ಗಂಟೆ ಅಷ್ಟೇ. ಚಿಕ್ಕ ವಿಮಾನದಲ್ಲಿ ಹಾಬ್ಸ್ ಮೀಟರ್ ಅಂತ ಒಂದಿದೆ. ಎಂಜಿನ್ ಓಡುತ್ತಿದ್ದರೆ ಸಾಕು, ವಿಮಾನ ನಿಂತಲ್ಲೇ ನಿಂತಿದ್ದರೂ ಆರು ನಿಮಿಷಕ್ಕೊಂದು ಅಂಕಿ ಉರುಳುತ್ತದೆ. ಮೆಜೆಸ್ಟಿಕ್ ಸಿಗ್ನಲ್ಲಿನಲ್ಲಿ ಆಟೋದೊಳಗೆ ಕೂತು ಮೀಟರ್ ನೋಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಬಂದವರು ಖರ್ಚಿನಲ್ಲಿ ಅವರ ಪಾಲು ಕೊಡಬಹುದು, ಆದರೆ ನನ್ನ ಪಾಲನ್ನು ನಾನೇ ಹಾಕಬೇಕು. ಕಾನೂನು ಹಾಗಿದೆ. ಭಾವನಿಗೆ ಈ ಕಾನೂನು ತುಂಬಾ ಇಷ್ಟ.

ಹಾಗಾದರೆ ಏಳು ವರ್ಷ ಯಾಕೆ ಓಡಿಸಿದೆ? ಯಲಹಂಕದ ಮನೆಯ ತಾರಸಿಯಲ್ಲಿ ನಿಂತು ಜಕ್ಕೂರಿನ ತರಬೇತಿ ವಿಮಾನಗಳು ಸುತ್ತು ಹೊಡೆಯುವುದನ್ನು ನೋಡುತ್ತಾ ಬೆಳೆದವನು ನಾನು. ಅದು ಒಂದು ಕಾರಣ. ನಿಜವಾದ ಕಾರಣ ಮಾತ್ರ ಹಾರುವುದಕ್ಕಿಂತ ಮುಂಚಿನ ನಲವತ್ತು ನಿಮಿಷ.

ರೀಡ್ ಹಿಲ್‌ವ್ಯೂ ನಿಲ್ದಾಣ ನಮ್ಮ ಮನೆಯಿಂದ ಕಾಲು ಗಂಟೆ. ಬೆಳಗ್ಗೆ ಹೋದರೆ ರೆಕ್ಕೆಯ ಮೇಲೆ ಇಬ್ಬನಿ ಕೂತಿರುತ್ತದೆ. ಹಳೇ ಟವೆಲಿನಿಂದ ಗಾಜು ಒರೆಸುತ್ತೇನೆ. ಪ್ರೊಪೆಲ್ಲರಿನ ಅಂಚಿಗೆ ಕೈಯಾಡಿಸುತ್ತೇನೆ, ಎಲ್ಲಾದರೂ ಕಚ್ಚು ಬಿದ್ದಿದೆಯಾ ಅಂತ. ಮೆಟ್ಟಿಲು ಹತ್ತಿ ಟ್ಯಾಂಕಿನೊಳಗೆ ಕಡ್ಡಿ ಅದ್ದಿ ಎಷ್ಟಿದೆ ನೋಡುತ್ತೇನೆ. ಒಳಗಿನ ಗೇಜನ್ನೇ ನಂಬಬೇಡ ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಮ್ಮ ಸ್ಟೌವಿನಲ್ಲಿ ಸೀಮೆಎಣ್ಣೆ ಎಷ್ಟಿದೆ ಅಂತ ಪೊರಕೆಕಡ್ಡಿ ಅದ್ದಿ ನೋಡುತ್ತಿದ್ದದ್ದೂ ಇದೇ ವಿದ್ಯೆ. ಆಮೇಲೆ ಪೆಟ್ರೋಲು ಬಸಿದು ನೋಡುವ ಕೆಲಸ. ನಾನು ಓಡಿಸುವ 172ರಲ್ಲಿ ಒಂದೊಂದು ರೆಕ್ಕೆಯ ಕೆಳಗೆ ಐದು, ಮೂತಿಯ ಕೆಳಗೆ ಮೂರು, ಒಟ್ಟು 13 ಕಡೆ ಬಸಿಯಬೇಕು. ಪ್ರತಿ ಸಲವೂ ಪ್ಲಾಸ್ಟಿಕ್ ಲೋಟಕ್ಕೆ ಒಂದಿಷ್ಟು ಹಿಡಿದು, ಬೆಳಕಿಗೆ ಎತ್ತಿ, ತಳದಲ್ಲಿ ನೀರಿನ ಹನಿ ಇದೆಯಾ ನೋಡುವುದು. ಅಜ್ಜ ಸಂಧ್ಯಾವಂದನೆಗೆ ಉದ್ಧರಣೆ ಹಿಡಿಯುತ್ತಿದ್ದಾಗಲೂ ಇಷ್ಟು ಶ್ರದ್ಧೆ ಇತ್ತೋ ಇಲ್ಲವೋ.

ನಾನು ಕಲಿಯುವಾಗ ಲೋಟದಲ್ಲಿ ತಿಳಿ ನೀಲಿ ಬಣ್ಣ ಕಾಣುತ್ತಿತ್ತು. ಸೀಸ ಬೆರೆಸಿದ ವಿಮಾನದ ಪೆಟ್ರೋಲಿಗೆ ಹಾಕುವ ಬಣ್ಣ ಅದು. ಈ ನಿಲ್ದಾಣದ ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಇದೆ ಅಂತ 2021ರಲ್ಲಿ ಒಂದು ಅಧ್ಯಯನ ಹೇಳಿತು. 2022ರ ಜನವರಿಯಿಂದ ಕೌಂಟಿಯವರು ಇಲ್ಲಿ ಅದರ ಮಾರಾಟ ನಿಲ್ಲಿಸಿದರು. ಕ್ಲಬ್ಬಿನಲ್ಲಿ ಕೆಲವರು ಗೊಣಗಿದರು. ನನಗೆ ಮಾತ್ರ ಆಮೇಲೆ ಬೇರೆ ಊರಿನಲ್ಲಿ ಪೆಟ್ರೋಲು ಹಾಕಿಸಿ ಲೋಟ ಎತ್ತಿದಾಗ ಆ ನೀಲಿ ಮೊದಲಿನಷ್ಟು ಚೆಂದ ಕಾಣಲಿಲ್ಲ.

ಇನ್ನೊಂದು ಸುಖ ತುಪ್ಪದ್ದು. ಅಕ್ಕ ಬೆಣ್ಣೆ ಕಾಯಿಸಿ ಮಾಡಿಕೊಟ್ಟ ತುಪ್ಪದ ಬಾಟಲಿಯನ್ನು ಮರೆತು ಕೈಚೀಲದಲ್ಲೇ ಇಟ್ಟುಕೊಂಡು ಏರ್‌ಲೈನಿಗೆ ಹೋಗಿದ್ದೆ. 100 ಮಿಲಿಲೀಟರಿನ ಲೆಕ್ಕದಲ್ಲಿ ಅದು ಕಸದ ಬುಟ್ಟಿ ಸೇರಿತು. ಸೆಸ್ನಾದಲ್ಲಿ ಯಾರೂ ಕೇಳುವವರಿಲ್ಲ. ತುಪ್ಪ, ಮಿಡಿ ಉಪ್ಪಿನಕಾಯಿ, ಒಂದು ಸಲ ಅರ್ಧ ಹಲಸಿನ ಹಣ್ಣು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಬಂದಿದೆ. ವಿಮಾನದ ವಾಸನೆ ಹೋಗಲು ವಾರ ಹಿಡಿಯಿತು ಅಂತ ಕ್ಲಬ್ಬಿನವರು ಹೇಳಿದರು.

ಮತ್ತೆ ಲಾಸ್ ಏಂಜಲೀಸ್. ಅಲ್ಲಿನ ದೊಡ್ಡ ನಿಲ್ದಾಣದ ನೆತ್ತಿಯ ಮೇಲೇ ಚಿಕ್ಕ ವಿಮಾನಗಳಿಗೆ ಅಂತ ಒಂದು ದಾರಿ ಬಿಟ್ಟಿದ್ದಾರೆ. ದಕ್ಷಿಣಕ್ಕೆ ಹೋಗುವವರು 3,500 ಅಡಿ, ಉತ್ತರಕ್ಕೆ ಬರುವವರು 4,500 ಅಡಿ. ರಾಡಾರಿಗೆ ನಮ್ಮ ಗುರುತು ಹೇಳುವ ಯಂತ್ರದಲ್ಲಿ 1201 ಅಂತ ಕೋಡ್ ಹಾಕಬೇಕು, ವೇಗ 140 ನಾಟ್ (ಗಂಟೆಗೆ ಸುಮಾರು 260 ಕಿಲೋಮೀಟರ್) ಮೀರಬಾರದು, ಕಂಟ್ರೋಲರ್ ಅನುಮತಿ ಬೇಡ. ನಮ್ಮ ವಿಮಾನ ಹಿಂದಿನಿಂದ ನೂಕಿದರೂ 140 ಮುಟ್ಟುವುದಿಲ್ಲ, ಆ ಮಾತು ಬೇರೆ. ಬಗ್ಗಿ ನೋಡಿದರೆ ಕೆಳಗೆ ನಾಲ್ಕು ರನ್‌ವೇ, ಅವುಗಳ ಮೇಲೆ ಜೆಟ್‌ಗಳು ಸಾಲಾಗಿ ಬಂದು ಇಳಿಯುತ್ತಿರುತ್ತವೆ. ಇನ್ನೂರು ಜನ ಕೂತ ವಿಮಾನದ ಬೆನ್ನನ್ನು ಮೇಲಿನಿಂದ ನೋಡುವ ಭಾಗ್ಯ ಯಾವ ಟಿಕೆಟ್ಟಿಗೂ ಸಿಗುವುದಿಲ್ಲ.

ತೊಂದರೆಗಳೂ ಇವೆ, ಕೆಲವು ನಗು ತರಿಸುವಂಥವು. ಸೀಟು ನಾಲ್ಕು, ಆದರೆ ಟ್ಯಾಂಕ್ ತುಂಬಿಸಿದರೆ ಜನ, ಸಾಮಾನು ಸೇರಿ ಹೊರುವುದು ಸುಮಾರು 250 ಕಿಲೋ. ಏರ್‌ಲೈನಿನವರು ಸೂಟ್‌ಕೇಸ್ ತೂಗಿದರೆ, ಇಲ್ಲಿ ನಾನು ನೆಂಟರನ್ನು ತೂಗಬೇಕು. "ಭಾವ, ಬೇಜಾರು ಮಾಡ್ಕೋಬೇಡಿ, ನಿಮ್ಮ ತೂಕ ಎಷ್ಟು?" ಅಂತ ಕೇಳಿದೆ. "ಎಪ್ಪತ್ತೆಂಟು" ಅಂದರು. "ಯಾವ ಇಸವೀದು?" ಅಂತ ಅಡುಗೆಮನೆಯಿಂದ ಅಕ್ಕ. ಅಮ್ಮನನ್ನು ಮೊದಲ ಸಲ ಕೂರಿಸಿಕೊಂಡು ಹೊರಟಾಗ ಹತ್ತೇ ನಿಮಿಷಕ್ಕೆ ಕೇಳಿದಳು, "ಇದರಲ್ಲಿ ಬಾತ್‌ರೂಮ್ ಎಲ್ಲಿದೆ?" "ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿದೆ ಅಮ್ಮ" ಅಂದೆ. "ಅದೆಲ್ಲಿ?" "ಇನ್ನೊಂದು ಗಂಟೆ." ಆಮೇಲೆ ಇಳಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಇವನ್ನೆಲ್ಲ ನಾನು ಕಥೆಯಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಈ ವರ್ಷದ ಮೇ ತಿಂಗಳದ್ದನ್ನು ಹಾಗೆ ಹೇಳಲು ಆಗುವುದಿಲ್ಲ.

ಅಕ್ಕನ ಹೊಸ ಮನೆಯ ಗೃಹಪ್ರವೇಶ. ಶನಿವಾರ, ಮುಹೂರ್ತ ಹತ್ತೂ ನಲವತ್ತಕ್ಕೆ. ಅಮ್ಮ, ಹೆಂಡತಿ, ಮಗಳು ಗುರುವಾರವೇ ಏರ್‌ಲೈನಿನಲ್ಲಿ ಹೋದರು. ನನಗೆ ಶುಕ್ರವಾರ ರಾತ್ರಿಯವರೆಗೆ ಕೆಲಸ. "ಬೆಳಗ್ಗೆ ಮೊದಲ ಫ್ಲೈಟಿಗೆ ಟಿಕೆಟ್ ತಗೊಂಡ್ಬಿಡೋ" ಅಂದಳು ಅಕ್ಕ. "ನನ್ನ ವಿಮಾನ ಇದೆಯಲ್ಲ, ಒಂಬತ್ತೂವರೆಗೆ ಅಲ್ಲಿರ್ತೀನಿ" ಅಂದೆ. ಅವಳು ಹೋಮಕ್ಕೆ ಉಡಬೇಕಿದ್ದ ತವರಿನ ಸೀರೆ ನನ್ನ ಚೀಲದಲ್ಲೇ ಇತ್ತು.

ಇಲ್ಲಿನ ಕರಾವಳಿಯಲ್ಲಿ ಮೇ, ಜೂನ್ ಅಂದರೆ ಸಮುದ್ರದ ಮೋಡ. ಮಳೆಯಿಲ್ಲ, ಗುಡುಗಿಲ್ಲ. ತಣ್ಣಗಿನ ಸಮುದ್ರದ ಮೇಲಿಂದ ಬಂದು ಊರಿನ ಮೇಲೆ ಬೂದು ಕಂಬಳಿ ಹೊದಿಸಿ, ಬಿಸಿಲು ಏರಿದ ಮೇಲೆ ಕರಗುತ್ತದೆ. ನನ್ನ ಲೈಸೆನ್ಸು ಕಣ್ಣಿಗೆ ಕಂಡಷ್ಟು ಓಡಿಸುವಂಥದ್ದು. ಮೋಡದೊಳಗೆ ಹೋಗಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು, ಅದು ನನ್ನ ಹತ್ತಿರ ಇಲ್ಲ.

ಐದೂವರೆಗೆ ಟಾರ್ಚ್ ಹಿಡಿದು 13 ಸಲ ಪೆಟ್ರೋಲು ಬಸಿದು ನೋಡಿದೆ. ಎಲ್ಲ ಸರಿಯಿತ್ತು. ತಲೆಯ ಮೇಲೆ 900 ಅಡಿಗೆ ಮೋಡ. ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹವಾಮಾನ ಉಜ್ಜಿ ಉಜ್ಜಿ ನೋಡಿದೆ. ಅಷ್ಟರಲ್ಲಿ ಊರಿನ ದೊಡ್ಡ ನಿಲ್ದಾಣದಿಂದ ಜೆಟ್‌ಗಳು ಒಂದರ ಹಿಂದೆ ಒಂದು ಏರುವ ಸದ್ದು. ಆರರದು ಹೋಯಿತು, ಆರೂವರೆಯದು ಹೋಯಿತು. ಅವರಿಗೆ ಅದು ಹಾಲಿನ ಕೆನೆ. ನನಗೆ ಗೋಡೆ.

ಒಂಬತ್ತಕ್ಕೆ ಇಲ್ಲಿ ತೆರೆಯಿತು. ಸ್ಯಾನ್ ಡಿಯಾಗೋದಲ್ಲಿ ಮೋಡ ಇನ್ನೂ 700 ಅಡಿಗೇ ಇತ್ತು. ಅದರ ಒಳನಾಡಿನ ರಮೋನಾ ಅನ್ನುವ ಚಿಕ್ಕ ನಿಲ್ದಾಣ ಎತ್ತರದಲ್ಲಿದೆ, ಅಲ್ಲಿ ಬಿಸಿಲು. ಆದರೆ ಅಲ್ಲಿ ಇಳಿಯುವಾಗಲೇ ಹನ್ನೆರಡೂವರೆ. ಹೊರಟೇ ಬಿಡೋಣ, ಹತ್ತಿರ ಹೋಗುವಷ್ಟರಲ್ಲಿ ತೆರೆದುಕೊಳ್ಳಬಹುದು ಅಂತ ಒಂದು ಆಲೋಚನೆ ಬಂತು. ಮುಚ್ಚಿಡುವುದಿಲ್ಲ, ಎರಡು ಸಲ ಬಂತು. ನನ್ನಂಥ ಪೈಲಟ್ ಮೋಡಕ್ಕೆ ನುಗ್ಗಿ ಆಗುವ ಅಪಘಾತಗಳಲ್ಲಿ ಬಹುಪಾಲು ಯಾರೂ ಉಳಿಯುವುದಿಲ್ಲ. ಕೀ ವಾಪಸ್ ಕೊಟ್ಟೆ.

ಹಾಲು ಉಕ್ಕುವುದನ್ನು ಪಾರ್ಕಿಂಗಿನಲ್ಲಿ ನಿಂತು ವಾಟ್ಸಾಪ್ ವಿಡಿಯೋದಲ್ಲಿ ನೋಡಿದೆ. ಅಕ್ಕ ಯಾವುದೋ ಹಳೇ ರೇಷ್ಮೆ ಸೀರೆ ಉಟ್ಟಿದ್ದಳು. "ಆಯ್ತು ಬಿಡೋ, ಹುಷಾರಾಗಿ ಬಾ" ಅಂದಳು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನದ ಏರ್‌ಲೈನಿಗೆ ಕೊನೇ ಗಳಿಗೆಯ ಟಿಕೆಟ್, ಒಂದು ಕಡೆಗೇ 260 ಡಾಲರ್. ಸೆಕ್ಯುರಿಟಿಯಲ್ಲಿ ಸೀರೆಗೆ ಯಾರೂ ಅಡ್ಡಿ ಮಾಡಲಿಲ್ಲ. ಅದು ದ್ರವ ಅಲ್ಲವಲ್ಲ. ಕಿಟಕಿ ಪಕ್ಕ ಮುಖ ಊದಿಸಿಕೊಂಡು ಕೂತೆ. ಸ್ಯಾನ್ ಡಿಯಾಗೋ ಹತ್ತಿರ ಬಂದಾಗ ಕೆಳಗೆ ಮೋಡ ಇನ್ನೂ ಹಾಗೇ ಹಾಸಿಕೊಂಡಿತ್ತು. ವಿಮಾನ ಅದರೊಳಗೆ ಇಳಿಯಿತು. ರೆಕ್ಕೆಯ ತುದಿ ಕಾಣದಾಯಿತು. ಪಕ್ಕದವರು ಕಡಲೆಕಾಯಿ ತಿನ್ನುತ್ತಿದ್ದರು. ನಾನು ಉಸಿರು ಹಿಡಿದುಕೊಂಡು ಎಂಜಿನ್ ಸದ್ದು ಕೇಳುತ್ತಿದ್ದೆ. ಚಕ್ರ ಇಳಿದದ್ದು, ಫ್ಲ್ಯಾಪ್ ಇನ್ನೊಂದು ಹಂತ ಬಂದದ್ದು, ಎಲ್ಲ ಗೊತ್ತಾಗುತ್ತಿತ್ತು. ಆಮೇಲೆ ಒಮ್ಮೆಲೇ ಊರು ಕಾಣಿಸಿತು. ಮನೆಗಳ ಹೆಂಚು, ರಸ್ತೆಯ ಕಾರು, ಎಲ್ಲ ಕಿಟಕಿಗೆ ಅಂಟಿಕೊಂಡ ಹಾಗೆ. ಮುಂದೆಯೇ ರನ್‌ವೇ. ಏಳು ವರ್ಷ ಈ ಏರ್‌ಲೈನುಗಳನ್ನು ಬಸ್ಸು ಅಂತ ಅಣಕಿಸಿದ್ದೆ. ಇಳಿಯುವಾಗ ಕಾಕ್‌ಪಿಟ್ ಬಾಗಿಲಲ್ಲಿ ನಿಂತಿದ್ದ ಪೈಲಟ್ಟಿಗೆ ಏನೋ ಹೇಳಬೇಕು ಅನ್ನಿಸಿತು, ಹಿಂದಿನವರು ತಳ್ಳುತ್ತಿದ್ದರು, ಬರೀ ಥ್ಯಾಂಕ್ಸ್ ಅಂದೆ.

ಈಗ ಮದುವೆ, ಮುಂಜಿ, ಆಸ್ಪತ್ರೆ ಅಂದರೆ ಯೋಚನೆಯೇ ಇಲ್ಲ, ಟಿಕೆಟ್. ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡಿಕೊಳ್ಳಬಹುದು. ಅದಕ್ಕೆ ಇನ್ನೂ 40 ಗಂಟೆಯ ಅಭ್ಯಾಸ, ಮೇಲೆ ಕಲಿಸುವವರ ಫೀಸು. ಮನೆಯಲ್ಲಿ ಈ ವಿಷಯ ತೆಗೆದೆ. ಹೆಂಡತಿ ಏನೂ ಹೇಳದೆ ಮಗಳ ಹಲ್ಲಿನ ಕ್ಲಿಪ್ಪಿನ ಬಿಲ್ಲನ್ನು ಮೇಜಿನ ಮೇಲಿಟ್ಟಳು.

ಸೆಸ್ನಾ ಬಿಟ್ಟಿಲ್ಲ. ಹೋಗಲೇಬೇಕು ಅಂತ ಇಲ್ಲದ ದಿನಗಳಿಗೆ ಇಟ್ಟುಕೊಂಡಿದ್ದೇನೆ. ಅಕ್ಕನೂ ಒಂದು ಪದ್ಧತಿ ಮಾಡಿಕೊಂಡಿದ್ದಾಳೆ. ಬರ್ತೀನಿ ಅಂತ ಫೋನ್ ಮಾಡಿದರೆ ಮೊದಲು ಕೇಳುವುದು, "ದೊಡ್ಡದರಲ್ಲೋ ಚಿಕ್ಕದರಲ್ಲೋ?" ದೊಡ್ಡದು ಅಂದರೆ ಬಿಸಿಬೇಳೆಬಾತ್, ಹೇಳಿದ ಹೊತ್ತಿಗೆ ಕುಕ್ಕರ್ ಇಡುತ್ತಾಳೆ. ಚಿಕ್ಕದು ಅಂದರೆ ಪುಳಿಯೋಗರೆ, ನಾಳೆಗೂ ಕೆಡುವುದಿಲ್ಲ.

ಮೊನ್ನೆ ಕೇಳಿದಳು. ಹವಾಮಾನ ನೋಡಿದೆ, ಐದು ದಿನ ಬಿಸಿಲು ಅಂತಿತ್ತು. ಆದರೂ ಪುಳಿಯೋಗರೆ ಅಂದೆ.