ಶೆಲ್ಟರ್‌ನಿಂದ ನಾಯಿ ದತ್ತು: ಫೈಲು ನಂಬಬಹುದು, ಬೋರ್ಡು ನಂಬಬೇಡಿ

ನಾಯಿ ದತ್ತು ಕೊಡುವ ಶೆಲ್ಟರ್ ಹೇಗಿದೆ ಎಂದರೆ ಹೆಚ್ಚಿನವರು ಗೂಡುಗಳ ಸ್ವಚ್ಛತೆ, ಸಿಬ್ಬಂದಿಯ ನಗುಮುಖ ನೋಡಿ ಉತ್ತರ ಹೇಳುತ್ತಾರೆ. ಮನೆಗೆ ಬಂದ ಮೇಲೆ ಕೆಲಸಕ್ಕೆ ಬರುವುದು ನಾಯಿಯ ಜೊತೆ ಬಂದ ಫೈಲು. ಅದರಲ್ಲಿ ಶೆಲ್ಟರ್‌ನವರು ಕೈಯಾರೆ ಮಾಡಿದ್ದು ಎಷ್ಟು, ಕಣ್ಣಂದಾಜಿನಲ್ಲಿ ಬರೆದದ್ದು ಎಷ್ಟು ಎಂದು ಬೇರ್ಪಡಿಸಿ ಓದಬೇಕು.

ಈ ಸೇವೆಯ ಬಲ ಇರುವುದು ವೈದ್ಯಕೀಯ ಭಾಗದಲ್ಲಿ. ಅಚ್ಚುಕಟ್ಟಾದ ಶೆಲ್ಟರ್ ನಾಯಿ ಒಳಗೆ ಬಂದ ದಿನವೇ ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆಗಳ ಲಸಿಕೆ ಹಾಕುತ್ತದೆ. ಮರಿಗಳಿಗೆ 2 ವಾರಕ್ಕೊಮ್ಮೆಯಂತೆ 16ರಿಂದ 20 ವಾರ ತುಂಬುವ ತನಕ ಮುಂದುವರಿಸುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಮೈಯಲ್ಲಿರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆ ಪ್ರತಿಕಾಯ ಯಾವ ವಾರ ಇಳಿಯುತ್ತದೆಂದು ಮರಿಯನ್ನು ನೋಡಿ ಹೇಳಲಾಗದು. ಅದಕ್ಕೇ ಇಷ್ಟು ಡೋಸು. ಹಾಗಾಗಿ ‘ಲಸಿಕೆ ಆಗಿದೆ’ ಎಂಬ ಒಂದೇ ಸಾಲಿಗೆ ಬೆಲೆಯಿಲ್ಲ. ದಿನಾಂಕ, ಲಸಿಕೆಯ ಹೆಸರು, ಬಾಟಲಿಯ ಸ್ಟಿಕ್ಕರ್, ಮುಂದಿನ ಡೋಸಿನ ತಾರೀಖು ಇದ್ದರೆ ಮಾತ್ರ ಅದು ದಾಖಲೆ. ಮರಿಗೆ 12 ವಾರಕ್ಕೆ ಮುಂಚೆಯೇ ರೇಬೀಸ್ ಲಸಿಕೆ ಹಾಕಿದ್ದರೆ ಮತ್ತೊಂದು ಡೋಸ್ ಯಾವಾಗ ಎಂದು ಕೇಳಿ ಬರೆಸಿಕೊಳ್ಳಿ. ಹಾರ್ಟ್‌ವರ್ಮ್ (ಸೊಳ್ಳೆಯಿಂದ ಹರಡುವ ಹೃದಯದ ಹುಳು) ‘ನೆಗೆಟಿವ್’ ಎಂದಿದ್ದರೂ ಪೂರ್ತಿ ನಿರಾಳವಾಗುವಂತಿಲ್ಲ. ಸೋಂಕು ತಗುಲಿ ಸುಮಾರು 6 ತಿಂಗಳು ಕಳೆಯುವ ತನಕ ಆ ಪರೀಕ್ಷೆಯಲ್ಲಿ ಅದು ಸಿಗದು. 6 ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು.

ಮೈಕ್ರೋಚಿಪ್ ವಿಷಯದಲ್ಲಿ ಒಳ್ಳೆಯ ಶೆಲ್ಟರ್‌ಗಳೂ ಎಡವುತ್ತವೆ. ಅಕ್ಕಿಕಾಳಿನಷ್ಟು ಚಿಪ್ಪನ್ನು ಎರಡು ಭುಜಗಳ ನಡುವೆ ಚರ್ಮದಡಿ ಹಾಕಿರುತ್ತಾರೆ. ಅದು ನಾಯಿ ಎಲ್ಲಿದೆಯೆಂದು ತೋರಿಸುವ ಯಂತ್ರವಲ್ಲ, ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ಸಂಖ್ಯೆ ಹೇಳುತ್ತದೆ, ಅಷ್ಟೆ. ಈಗಿನ ಚಿಪ್‌ಗಳಲ್ಲಿ ಅದು ಸಾಮಾನ್ಯವಾಗಿ 15 ಅಂಕಿಯದು. ನೋಂದಣಿ ಶೆಲ್ಟರ್ ಹೆಸರಲ್ಲೇ ಉಳಿದುಬಿಟ್ಟರೆ, ಕಳೆದ ನಾಯಿ ಸಿಕ್ಕಿದಾಗ ಫೋನ್ ಹೋಗುವುದು ಅವರಿಗೆ, ನಿಮಗಲ್ಲ. ಸಹಿ ಹಾಕುವ ಮೊದಲು ಎದುರಿಗೇ ಸ್ಕ್ಯಾನ್ ಮಾಡಿಸಿ, ಸಂಖ್ಯೆಯನ್ನು ಫೈಲಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಸ್ಕ್ಯಾನರ್ ಸದ್ದು ಮಾಡದಿದ್ದರೆ ಭುಜದ ಕೆಳಗೆ, ಎದೆಯ ಪಕ್ಕ ಆಡಿಸಲು ಹೇಳಿ. ಚಿಪ್ ಜಾರುವುದುಂಟು.

ಇನ್ನು ಗೂಡಿನ ಮೇಲೆ ತೂಗುಹಾಕಿದ ಬೋರ್ಡು. ತಳಿ, ವಯಸ್ಸು, ಸ್ವಭಾವ, ಮೂರೂ ಅಂದಾಜು. ಮಿಶ್ರ ನಾಯಿಯ ತಳಿಯನ್ನು ನೋಡಿ ಗುರುತಿಸಿದ್ದಕ್ಕೂ ಡಿಎನ್‌ಎ ಪರೀಕ್ಷೆ ಹೇಳುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ. 28 ಹಾಲುಹಲ್ಲು ಬಿದ್ದು 42 ಶಾಶ್ವತ ಹಲ್ಲು ಬರುವ 6–7 ತಿಂಗಳ ತನಕ ಆ ಲೆಕ್ಕ ಸರಿ. ಆಮೇಲೆ ಉಳಿಯುವುದು ಹಲ್ಲಿನ ಪಾಚಿ ಮತ್ತು ಸವೆತ. ಕಲ್ಲು ಕಚ್ಚುವ ಚಟದ 2 ವರ್ಷದ ನಾಯಿಯ ಹಲ್ಲು 6 ವರ್ಷದ್ದರಂತೆ ಕಂಡೀತು.

ಹೆಚ್ಚು ಮೋಸಹೋಗುವುದು ಸ್ವಭಾವದ ಸಾಲಿನಲ್ಲಿ. ಬೊಗಳಾಟ ಜೋರಾದಾಗ ಗೂಡುಸಾಲಿನ ಸದ್ದು 100 ಡೆಸಿಬಲ್ ದಾಟುವುದುಂಟು. ಆ ಗದ್ದಲದಲ್ಲಿ ಹಿಂದಿನ ಗೋಡೆಗೆ ಅಂಟಿ ಕೂತ ನಾಯಿ ಮನೆಯಲ್ಲಿ ಕುಣಿದಾಡಬಹುದು, ಕಂಬಿಗೆ ಹಾರುವ ನಾಯಿ ಮನೆಯಲ್ಲಿ ಮೂಲೆ ಹಿಡಿದು ಮಲಗಬಹುದು. ಪ್ಲಾಸ್ಟಿಕ್ ಕೈಯನ್ನು ಊಟದ ತಟ್ಟೆಗೆ ತೂರಿಸಿ ನಾಯಿ ಗುರುಗುಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆ ಕೆಲವೆಡೆ ಇನ್ನೂ ಇದೆ. ಅಲ್ಲಿ ಗುರುಗುಟ್ಟಿದ ಎಷ್ಟೋ ನಾಯಿಗಳು ಮನೆಯಲ್ಲಿ ಸುಮ್ಮನೆ ಉಣ್ಣುತ್ತವೆ, ಸುಮ್ಮನಿದ್ದ ಕೆಲವು ಗುರುಗುಟ್ಟುತ್ತವೆ. (ಉಣ್ಣುವಾಗ ಯಾರೋ ಗೊಂಬೆಯ ಕೈ ತೂರಿಸಿದರೆ ಮನುಷ್ಯರೂ ಗುರುಗುಟ್ಟಿಯಾರು.) ‘ಮಕ್ಕಳೊಂದಿಗೆ ಒಳ್ಳೆಯದು’ ಎಂದು ಬರೆದಿದ್ದರೆ ಎಷ್ಟು ವಯಸ್ಸಿನ ಮಕ್ಕಳು, ಎಷ್ಟು ದಿನ, ಯಾರ ಮನೆಯಲ್ಲಿ ಎಂದು ಕೇಳಿ. ದತ್ತು ಆಗುವ ತನಕ ತಾತ್ಕಾಲಿಕವಾಗಿ ಸಾಕುವ ಫಾಸ್ಟರ್ ಮನೆಯಲ್ಲಿ 2 ವಾರ ಇದ್ದು ಬಂದ ನಾಯಿಯ ಬಗ್ಗೆ ಆ ಮನೆಯವರು ಹೇಳುವ ನಾಲ್ಕು ಮಾತು ಇಡೀ ಬೋರ್ಡಿಗಿಂತ ತೂಕದ್ದು. ಫಾಸ್ಟರ್ ವ್ಯವಸ್ಥೆ ಇರುವ ಶೆಲ್ಟರ್‌ಗೆ ಕಣ್ಣುಮುಚ್ಚಿ ಒಂದು ಅಂಕ ಹೆಚ್ಚು.

ಭೇಟಿಯ ಕೋಣೆಯಲ್ಲಿ ಸಿಬ್ಬಂದಿ ಏನು ಮಾಡುತ್ತಾರೆ ನೋಡಿ. ಮಗು ನಾಯಿಗೆ ಎದುರಾಗಿ ಬಾಗದೆ ಓರೆಯಾಗಿ ನೆಲದ ಮೇಲೆ ಕೂರಬೇಕು. ಕರೆಯಬಾರದು. ನಾಯಿ ತಾನಾಗಿ ಬಂದರೆ ಎದೆಯನ್ನು ಮೂರು ಎಣಿಸುವಷ್ಟು ಕೆರೆದು ಕೈ ಹಿಂದಕ್ಕೆ. ಮೂತಿಯಿಂದ ಕೈ ತಳ್ಳಿದರೆ, ಮೈ ಒರಗಿಸಿದರೆ ಇನ್ನಷ್ಟು ಬೇಕೆಂದರ್ಥ. ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಇವೆಲ್ಲ ಸಾಕು ಎಂಬುದಕ್ಕೆ. ಮೈ ಮರಗಟ್ಟಿ ನಿಂತರೆ ಮಗುವನ್ನು ತಕ್ಷಣ, ಗಲಾಟೆಯಿಲ್ಲದೆ ದೂರ ಕರೆದುಕೊಳ್ಳಬೇಕು. ಇದನ್ನೆಲ್ಲ ಹೇಳಿಕೊಡುವ ಬದಲು ‘ತಬ್ಬಿಕೋ ಪುಟ್ಟಾ, ಫೋಟೋ ತೆಗೀತೀನಿ’ ಎನ್ನುವ ಶೆಲ್ಟರ್‌ಗೆ ಅಂಕ ಕಡಿತ.

ಅತಿ ದುರ್ಬಲ ಕೊಂಡಿ ನಾಯಿಯನ್ನು ಮನೆಗೆ ಕಳಿಸುವ ಗೇಟು. ಬಹಳ ಕಡೆ ಒಂದು ತೆಳು ಪಟ್ಟಿ, ಒಂದು ಹಗ್ಗ ಕೊಟ್ಟು ಕಳಿಸಿಬಿಡುತ್ತಾರೆ. ಹೆದರಿದ ನಾಯಿ ಮುಂದಕ್ಕೆ ಓಡುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ಸಾಮಾನ್ಯ ಕತ್ತುಪಟ್ಟಿ ಕಿವಿಯ ಮೇಲಿಂದ ಕಳಚಿ ಕೈಯಲ್ಲಿ ಉಳಿಯುತ್ತದೆ. ಎಳೆದಾಗ ಮಿತಿಯಷ್ಟೇ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ, ಜೊತೆಗೆ ಎದೆ-ಬೆನ್ನು ಸುತ್ತುವ ಹಾರ್ನೆಸ್, ಎರಡಕ್ಕೂ ಒಂದೊಂದು ಹಗ್ಗ ಇರಲಿ. ಕಾರಿನ ಬಾಗಿಲು ತೆರೆಯುವ ಮೊದಲೇ ಹಗ್ಗ ಕೈಯಲ್ಲಿರಬೇಕು. ಮೊದಲ ಕೆಲವು ವಾರ ಮನೆಯ ಬಾಗಿಲಲ್ಲೂ ಇದೇ ನಿಯಮ.

ಶೆಲ್ಟರ್‌ನಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಹೊಸದನ್ನು ಕಾಲು ಭಾಗದಿಂದ ಶುರುಮಾಡಿ 7ರಿಂದ 10 ದಿನದಲ್ಲಿ ಪೂರ್ತಿ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಆಗಬಹುದು, ಆಗ ಅದು ಆಹಾರದ್ದೋ ಕಾಯಿಲೆಯದ್ದೋ ತಿಳಿಯದು. ಸಂತಾನಹರಣ ಶಸ್ತ್ರಚಿಕಿತ್ಸೆ ಹೊಸದಾಗಿದ್ದರೆ 10ರಿಂದ 14 ದಿನ ಸ್ನಾನವಿಲ್ಲ, ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕೋನ್ ತೆಗೆಯುವಂತಿಲ್ಲ. ಗಂಟಲಲ್ಲಿ ಏನೋ ಸಿಕ್ಕಂತೆ ಗಟ್ಟಿಯಾಗಿ ಕೆಮ್ಮಿದರೆ ಅದು ನಾಯಿಯಿಂದ ನಾಯಿಗೆ ಹರಡುವ ಕೆನಲ್ ಕೆಮ್ಮು ಇರಬಹುದು. ತಗುಲಿದ 2 ವಾರದೊಳಗೆ ಹೊರಬೀಳುವ ಕಾಯಿಲೆಯಾದ್ದರಿಂದ, ಮನೆಯಲ್ಲಿ ಬೇರೆ ನಾಯಿಯಿದ್ದರೆ ಅಷ್ಟು ದಿನ ಬೇರೆ ಕೋಣೆ, ಬೇರೆ ಬಟ್ಟಲು. ಮರಿ ವಾಂತಿ ಮಾಡಿ ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರ ಬಳಿ ಹೋಗಿ, ಪಾರ್ವೊ ಕಾಯುವುದಿಲ್ಲ.

ನಾಯಿ ಹೊಸ ಮನೆಗೆ ಒಗ್ಗುವ ಹಂತಗಳೆಂದು ಕರಪತ್ರಗಳಲ್ಲಿ 3 ದಿನ, 3 ವಾರ, 3 ತಿಂಗಳು ಎಂಬ ಸೂತ್ರ ಇರುತ್ತದೆ. ಅದು ರೂಢಿಯ ಲೆಕ್ಕ, ಅಳತೆಗೋಲಲ್ಲ. ಆದರೂ 3ನೇ ವಾರದ ಹೊತ್ತಿಗೆ ನಾಯಿ ಮೊದಲ ಸಲ ಬೊಗಳಿತು, ಸೋಫಾ ಬಿಡಲೊಲ್ಲದೆ ಗುರುಗುಟ್ಟಿತು ಎಂದು ಗಾಬರಿಯಾಗುವವರೇ ಹೆಚ್ಚು. ಆಗ ಫೋನ್ ಎತ್ತಿ ದಾರಿ ಹೇಳುವವರು ಇದ್ದಾರೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿ. ಹೊಂದದಿದ್ದರೆ ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಮಾತು ಕರಾರಿನಲ್ಲಿ ಬರಹದಲ್ಲಿರಲಿ. ಈ ನಾಯಿ ಹಿಂದೆ ಯಾರ ಮನೆಯಿಂದಲಾದರೂ ವಾಪಸ್ ಬಂದಿದೆಯೇ ಎಂದೂ ಕೇಳಿ. ಬಂದಿದ್ದರೆ ಕಾರಣ ಬರೆದ ಹಾಳೆ ಫೈಲಿನಲ್ಲಿ ಇರಬೇಕು.