ಕೋಠಿ ರೆಸಿಡೆನ್ಸಿ ಹೆರಿಟೇಜ್ ವಾಕ್: ಬಂಗ್ಲೆಕ್ಕ ಐದು ಸ್ಟಾರ್, ಗೈಡಿಗೆ ಮೂರೇ

ಕಲಬುರಗಿ ಮಂದಿ ಹೈದರಾಬಾದಿಗೆ ಹೋಗೋದು ಅಂದ್ರ ದವಾಖಾನಿಗೆ, ಇಲ್ಲಾಂದ್ರ ಮದುವಿ ಬಟ್ಟಿಗೆ. ಈ ಸಲ ಅಕ್ಕನ ಮಗಳು ಹಠ ಹಿಡದ್ಲು ಅಂತ ಕೋಠಿ ವಿಮೆನ್ಸ್ ಕಾಲೇಜ್ (ಈಗ ಮಹಿಳಾ ವಿಶ್ವವಿದ್ಯಾಲಯ ಆಗ್ಯದ) ಕ್ಯಾಂಪಸ್ಸಿನಾಗ ಇರೋ ಬ್ರಿಟಿಷ್ ರೆಸಿಡೆನ್ಸಿ ನೋಡ್ಲಿಕ್ಕ ಒಂದು ಹೆರಿಟೇಜ್ ವಾಕ್ ಬುಕ್ ಮಾಡಿದ್ವಿ.

ಬಂಗ್ಲೆ ಬಗ್ಗೆ ತಕರಾರೇ ಇಲ್ರಿ. ಎದುರಿಗೆ ಆರು ದೊಡ್ಡ ಕಂಬ, ಮೆಟ್ಲಿನ ಎರಡೂ ಕಡಿ ಸಿಂಹ, ರಿಪೇರಿನೂ ಛಲೋ ಮಾಡ್ಯಾರ. ಕಟ್ಟಿಸಿದಾಂವ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದ್ರ ನಿಜಾಮನ ದರ್ಬಾರಿನಾಗ ಕಂಪನಿ ಪ್ರತಿನಿಧಿ, ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್, ನಕ್ಷೆ ಮದ್ರಾಸಿನ ಇಂಜಿನಿಯರ್ ಸ್ಯಾಮ್ಯುಯೆಲ್ ರಸೆಲ್‌ದು, ಮತ್ತ ರೊಕ್ಕ ನೋಡ್ರಿ ನಿಜಾಮಂದು! ಮೊದಲು ದೊಡ್ಡ ಹಾಳಿ ಮ್ಯಾಲ ನಕ್ಷೆ ತೋರ್ಸಿದ್ರ ನಿಜಾಮ ಒಲ್ಲೆ ಅಂದ್ನಂತ, ಅದನ್ನ ಸಣ್ಣ ಕಾರ್ಡಿನ ಮ್ಯಾಲ ಬರ್ಸಿಕೊಂಡು ಹೋದ್ರ ಆಯ್ತು ಅಂದ್ನಂತ. ಈ ಕತಿ ಗೈಡ್ ಭಾಳ ಮಜಾ ಮಾಡಿ ಹೇಳ್ದ.

ಕಿರ್ಕ್‌ಪ್ಯಾಟ್ರಿಕ್‌ನ ಪ್ರೇಮದ ಕತಿನೂ ಅರ್ಧದ ತನಕ ಚಂದ ಹೇಳ್ದ. ಖೈರುನ್ನಿಸಾ ಅಂತ ದೊಡ್ಡ ಮನೆತನದ ಹುಡುಗಿ, ಅಕ್ಕನ ಮದುವ್ಯಾಗ ಪರದೆ ಹಿಂದಿಂದ ಸಾಹೇಬನ್ನ ನೋಡಿದ್ಲಂತ, ಆಮ್ಯಾಲ ಇಂವ ಮುಸಲ್ಮಾನ ಆಗಿ 1800ರ ಸುಮಾರಿಗೆ ನಿಕಾ ಮಾಡ್ಕೊಂಡ, ಕಲಕತ್ತಾದ ತನಕ ಗದ್ದಲ ಆಗಿ ಕಂಪನಿಯವರು ವಿಚಾರಣೆನೂ ಮಾಡಿದ್ರು. ಆದ್ರ ಆಕಿ ಮನೆತನಕ್ಕ ಬೇಕಾದಾಂವ ಮೀರ್ ಆಲಂ, 1799ರಾಗ ನಿಜಾಮನ ಫೌಜು ತಗೊಂಡು ಟಿಪ್ಪು ಮ್ಯಾಲ ಶ್ರೀರಂಗಪಟ್ಟಣಕ್ಕ ಹೋದಾಂವ ಇವನೇ, ಇದನ್ನ ಗೈಡ್ ಹೇಳಲೇ ಇಲ್ಲ, ನಾವು ಕರ್ನಾಟಕದವರು ಅಂತ ಎರಡು ಸಲ ಹೇಳಿದ್ರೂ!

ನನ್ನ ಖರೇ ಸಿಟ್ಟು ಬ್ಯಾರೆ ಅದ. ಹಿಂದಿನ ತೋಟದಾಗ ಈ ಬಂಗ್ಲೆದ್ದೇ ಒಂದು ಸಣ್ಣ ಮಾಡೆಲ್ ಅದ, ಗೊಂಬಿ ಮನಿ ಇದ್ದಂಗ. ಬೇಗಂ ಪರದೆದಾಗ ಇರ್ತಿದ್ಲಲ್ಲ, ಮುಂದಿನ ಕಡಿ ಬಂದು ಗಂಡನ ಬಂಗ್ಲೆ ನೋಡೋಹಂಗಿರಲಿಲ್ಲ, ಅದಕ್ಕ ಆಕಿ ನೋಡ್ಲಿ ಅಂತ ಇದನ್ನ ಮಾಡ್ಸಿದ ಅಂತಾರ. ಆಕಿ ಇದ್ದ ರಂಗಮಹಲ್ ಈಗಿಲ್ಲ, ಕೆಡವ್ಯಾರ, ಮಾಡೆಲ್ ಉಳದದ. ಇಡೀ ಕ್ಯಾಂಪಸ್ಸಿನಾಗ ಈಕಿ ಸಲುವಾಗಿ ಅಂತ ಕಣ್ಣಿಗೆ ಬೀಳೋದು ಇದೊಂದೇ, ಅಲ್ಲಿ ನಮ್ಮ ಗೈಡ್ ಎರಡು ನಿಮಿಷ ನಿಲ್ಲಿಸಿ 'ಫೋಟೋ ತಗೊಳ್ರಿ' ಅಂದು ಮುಂದ ನಡದ.

ಮುಂದಿನ ಕತಿ ಕೇಳಿದ್ರ 'ಆಮ್ಯಾಲ ಸುಖವಾಗಿದ್ರು' ಅಂದ. ಎಲ್ಲಿ ಸುಖ ಮಾರಾಯ? 1805ರಾಗ ನಾಲ್ಕು ವರ್ಷದ ಮಗ, ಮೂರು ವರ್ಷದ ಮಗಳನ್ನ ಮದ್ರಾಸಿನಿಂದ ಹಡಗು ಹತ್ತಿಸಿ ವಿಲಾಯತಿಗೆ ಕಳಿಸಿದ್ರು, ಅದೇ ಅಕ್ಟೋಬರ್‌ದಾಗ ಕಿರ್ಕ್‌ಪ್ಯಾಟ್ರಿಕ್ ಕಲಕತ್ತಾದಾಗ ತೀರ್ಕೊಂಡ, ತಾಯಿ ಮಕ್ಕಳನ್ನ ಮತ್ತ ನೋಡಲೇ ಇಲ್ಲ, 1813ರಾಗ ಆಕಿನೂ ಹೋದ್ಲು, ಇನ್ನೂ ಮೂವತ್ತೂ ತುಂಬಿರಲಿಲ್ಲ. ಮಗಳು ಕಿಟ್ಟಿ ದೊಡ್ಡಾಕಿ ಆದಮ್ಯಾಲ ಹೈದರಾಬಾದಿನ ಅಜ್ಜಿ ಜೋಡಿ ಪತ್ರ ಬರಿತಿದ್ಲು. ಇದೆಲ್ಲ ವಾಪಸ್ ಬರೋವಾಗ ಟ್ರೇನಿನಾಗ ಅಕ್ಕನ ಮಗಳು ಹೇಳಿದ್ಲು, ಹುಡುಗಿ ಮೊದಲೇ ಓದ್ಕೊಂಡು ಬಂದಿದ್ಲು. ಮತ್ತ ಗೈಡಿಗೆ ರೊಕ್ಕ ಯಾಕ ಕೊಟ್ವಿ ಅಂತ ನಮ್ಮ ಮನಿಯವರು ತಾಂಡೂರ್ ದಾಟೋತನಕ ಕೇಳ್ಕೋತ ಬಂದ್ರು.

ಹೋಗೋರು ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನಾಗ ಇಳೀರಿ, ಹತ್ರ ಆಗ್ತದ. ಮುಗಿಸ್ಕೊಂಡು ಕೋಠಿದಾಗ ಹಳೆ ಪುಸ್ತಕದ ಅಂಗಡಿ ನೋಡ್ರಿ, ಚಾಟ್ ತಿನ್ರಿ. ಗೈಡ್ ಏನೇ ಅವಸರ ಮಾಡ್ಲಿ, ಆ ಗೊಂಬಿ ಮನಿ ಮುಂದ ಹತ್ತು ನಿಮಿಷ ಗಟ್ಟಿಯಾಗಿ ಕೂಡ್ರಿ.