ಸಂಬಳ ಹೋಲಿಸುವ ಪಿಪಿಪಿ ಕ್ಯಾಲ್ಕುಲೇಟರ್: 5ಕ್ಕೆ 3 ಅಂಕ

ಅಮೆರಿಕದ ಸಂಬಳ ಹಾಕಿದರೆ ಇಲ್ಲಿ ಅದು ಎಷ್ಟಕ್ಕೆ ಸಮ ಅಂತ ಹೇಳುವ ವೆಬ್‌ಸೈಟ್ ಇದು. ಪಿಪಿಪಿ ಅಂದರೆ ಕೊಳ್ಳುವ ಶಕ್ತಿಯ ಹೋಲಿಕೆ: ಅಲ್ಲಿ ಒಂದು ಡಾಲರಿಗೆ ಸಿಗುವಷ್ಟು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತೆ ಅನ್ನುವ ಲೆಕ್ಕ. ಪುಕ್ಕಟೆ, ಲಾಗಿನ್ ಕಾಟವೂ ಇಲ್ಲ. 80,000 ಡಾಲರ್ ಹಾಕಿದೆ, ಹತ್ತಿರ ಹತ್ತಿರ 16 ಲಕ್ಷ ತೋರಿಸಿತು. ಬ್ಯಾಂಕ್ ರೇಟಿನಲ್ಲಿ ಗುಣಿಸಿ ಸುಮ್ನೆ ಬೀಗುವವರು ಒಮ್ಮೆ ನೋಡಬೇಕು! ಕಟಿಂಗು, ಆಟೋ, ಮನೆಕೆಲಸದವರ ಸಂಬಳ ಎಲ್ಲ ಇಲ್ಲಿ ತುಂಬಾ ಕಡಿಮೆ ಆಗಿರುವುದರಿಂದ ಡಾಲರಿಗೆ ಸುಮಾರು 20 ರೂಪಾಯಿ ಹಿಡಿಯುತ್ತದೆ, ಅದು ಸರಿಯೇ. ಆದರೆ ಐಫೋನ್ ಅಲ್ಲಿಗಿಂತ ಇಲ್ಲೇ ದುಬಾರಿ, ಪೆಟ್ರೋಲೂ ಅಷ್ಟೇ. ಇಡೀ ದೇಶಕ್ಕೆ ಒಂದೇ ಲೆಕ್ಕ ಬೇರೆ. ಇಂದಿರಾನಗರದ ಬಾಡಿಗೆಯೂ ಹಾವೇರಿಯ ಬಾಡಿಗೆಯೂ ಒಂದೇನಾ? ಅಲ್ಲಿ ಉಳಿಸಿ ಅಪ್ಪ ಅಮ್ಮನಿಗೆ ಕಳಿಸುವ ದುಡ್ಡು ಬ್ಯಾಂಕ್ ರೇಟಿನಲ್ಲೇ ಬರುತ್ತೆ ಅಲ್ವಾ, ಅದಕ್ಕೆ ಇದರಲ್ಲಿ ಜಾಗವೇ ಇಲ್ಲ. ಆಫರ್ ಲೆಟರ್ ಕೈಯಲ್ಲಿದ್ದರೆ ಬಾಡಿಗೆ, ಉಳಿತಾಯ ಎರಡನ್ನೂ ಬೇರೆಯಾಗಿ ಲೆಕ್ಕ ಹಾಕಿಕೊಳ್ಳಿ.